ಕೊಡಗಿನ ಜನ ಎಲ್ಲಿದ್ದಾರೆ?

ಪ್ರಶ್ನೆ: ಮಡಿಕೇರಿಯಿಂದ ಭಾಗಮಂಡಲದವರೆಗೆ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಬರೀ ಮರಗಳು, ಮನೆಗಳೇ ಕಾಣಲಿಲ್ಲ. ಕೊಡಗಿನಲ್ಲಿ ಜನ ಅಷ್ಟು ಕಡಿಮೆಯೇ?
- ಓದುಗರು, ದಾವಣಗೆರೆ

ಉತ್ತರ: ಕಡಿಮೆಯೇ. 4,102 ಚದರ ಕಿಲೋಮೀಟರಿನ ನಮ್ಮ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಇದ್ದವರು 5,54,519 ಮಂದಿ. ಚದರ ಕಿಲೋಮೀಟರಿಗೆ 135. ರಾಜ್ಯದ ಸರಾಸರಿ 319. ಪುಷ್ಪಗಿರಿ, ಬ್ರಹ್ಮಗಿರಿ, ನಾಗರಹೊಳೆಯ ಕಾಡುಗಳೇ ಬಹಳಷ್ಟು ನೆಲ ಹಿಡಿದಿವೆ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಬೆಟ್ಟದ ಕಡೆಯ ಕಡಿದಾದ ಗುಡ್ಡಗಳಲ್ಲಿ ಊರು ಕಟ್ಟುವುದು ಸುಲಭವಲ್ಲ.

ಆದರೆ ನೀವು ಹೋದ ದಾರಿಯಲ್ಲಿ ಮನೆಗಳಿವೆ! ನಾನು ನಾಪೋಕ್ಲು ಕಡೆಯವಳು, ಹೇಳುತ್ತೇನೆ ಕೇಳಿ. ನಮ್ಮಲ್ಲಿ ಇಳಿಜಾರಿನಲ್ಲಿ ಕಾಫಿ ತೋಟ, ಅದರ ನಡುವೆ ಮನೆ, ಕೆಳಗೆ ತಗ್ಗಿನಲ್ಲಿ ಭತ್ತದ ಗದ್ದೆ. ನೆರಳಿಗೆ ಬಿಟ್ಟ ಹಲಸು, ಸಿಲ್ವರ್ ಓಕ್ ಮರಗಳಿಗೆ ಕರಿಮೆಣಸಿನ ಬಳ್ಳಿ ಹಬ್ಬಿ, ರಸ್ತೆಗೆ ಮಾಡಿನ ಹೆಂಚೂ ಕಾಣದು. ಗೇಟಿನ ಪಕ್ಕ ಮನೆತನದ ಹೆಸರಿನ ಬೋರ್ಡು ಕಂಡಿತೋ, ಒಳಗೊಂದು ಸಂಸಾರ ಇದೆ ಎಂದೇ ತಿಳಿಯಿರಿ. ಅದರಾಚೆ ಕೆಲಸದವರ ಲೈನ್ ಮನೆಗಳು.

ಕೊಡಗು ಎಂದರೆ ಕೊಡವರು ಮಾತ್ರ ಎಂದುಕೊಳ್ಳಬೇಡಿ. ಅರೆಭಾಷೆ ಗೌಡರು, ಮಲಯಾಳಿಗಳು, ಮುಸ್ಲಿಮರು, ತೋಟಗಳನ್ನು ಬೆಳೆಸಿದ ಯರವರು, ಜೇನು ಕುರುಬರು ಎಲ್ಲರದೂ ಈ ನೆಲ. ಅವರನ್ನು ಲೆಕ್ಕಕ್ಕೇ ಹಿಡಿಯದವರನ್ನು ಕಂಡರೆ ನನಗೆ ಬೇಸರ.

2001ರಿಂದ ಹತ್ತು ವರ್ಷಗಳಲ್ಲಿ ಹೆಚ್ಚಿದ್ದು ಆರು ಸಾವಿರಕ್ಕೂ ಕಡಿಮೆ ಜನ. ಓದಿದ ಮಕ್ಕಳು ಮೈಸೂರು, ಬೆಂಗಳೂರು ಸೇರುತ್ತಾರೆ. ದೊಡ್ಡ ಮನೆಗಳಲ್ಲಿ ವಯಸ್ಸಾದವರಿಬ್ಬರೇ ಉಳಿಯುತ್ತಾರೆ. ಇದು ನನ್ನನ್ನು ಕಾಡುವ ಸಂಗತಿ.

ಜನರನ್ನು ನೋಡಬೇಕೆಂದರೆ ಮುಂದಿನ ಸಲ ಶುಕ್ರವಾರ ಬನ್ನಿ, ಮಡಿಕೇರಿಯಲ್ಲಿ ಸಂತೆ ಇರುತ್ತದೆ.