ಮಿನೆಸೋಟಾದ ಹಿತ್ತಲ ಕೊಳಕ್ಕೆ ಯಾವ ಮೀನು, ಎಷ್ಟು ಮೀನು?

ನೀವು ಕೇಳಿರುವುದು ಇಷ್ಟು: ಮಿನಿಯಾಪೊಲಿಸ್ ಹತ್ತಿರ ಹೊಸದಾಗಿ ಕೊಂಡ ಮನೆಯ ಹಿತ್ತಲಲ್ಲಿ ಹಿಂದಿನವರು ಬಿಟ್ಟುಹೋದ ಕೊಳವಿದೆ. ಎಂಟು ಅಡಿ ಉದ್ದ, ಆರು ಅಡಿ ಅಗಲ, ಎರಡು ಅಡಿ ಆಳ. ಅದಕ್ಕೆ ಕೋಯಿ (ಬಣ್ಣಬಣ್ಣದ ಜಪಾನಿ ಕಾರ್ಪ್ ಮೀನು) ಬಿಡಬಹುದೇ, ಎಷ್ಟು ಬಿಡಬಹುದು, ಚಳಿಗಾಲದಲ್ಲಿ ಬದುಕುತ್ತವೆಯೇ, ಸೊಳ್ಳೆಗೆ ನಮ್ಮೂರಿನಂತೆ ಗಪ್ಪಿ ಸಾಕಾಗುವುದಿಲ್ಲವೇ?

ನೇರವಾಗಿ ಹೇಳಿಬಿಡುತ್ತೇನೆ. ಕೋಯಿ ಬೇಡ. ಗಪ್ಪಿ ನಡೆಯುವುದಿಲ್ಲ. ಐದಾರು ಸಾಧಾರಣ ಗೋಲ್ಡ್‌ಫಿಷ್ ಬಿಡಿ, ಅಕ್ಟೋಬರ್‌ನಲ್ಲಿ ಅವನ್ನು ಹಿಡಿದು ಮನೆಯೊಳಗೆ ತನ್ನಿ. ನಾನೂ ಸೇಂಟ್ ಪಾಲ್‌ನ ಉತ್ತರಕ್ಕೆ ಹಿತ್ತಲಲ್ಲಿ ಮೀನು ಸಾಕುತ್ತೇನೆ. ಇಲ್ಲಿ ಅಂಗಡಿಯವರು ಜೂನ್ ತಿಂಗಳ ಕೊಳವನ್ನು ನೋಡಿ ಮೀನಿನ ಲೆಕ್ಕ ಹೇಳುತ್ತಾರೆ. ಲೆಕ್ಕ ಹಾಕಬೇಕಾದದ್ದು ಫೆಬ್ರವರಿಯ ಕೊಳಕ್ಕೆ.

ನಾಲ್ಕು ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಅತಿ ಹೆಚ್ಚು ಸಾಂದ್ರವಾಗಿ ತಳಕ್ಕೆ ಇಳಿಯುತ್ತದೆ, ಅದಕ್ಕಿಂತ ತಣ್ಣನೆಯದು ಮೇಲೆ ಉಳಿದು ಮಂಜುಗಡ್ಡೆ ಕಟ್ಟುತ್ತದೆ. ಆಳವಿರುವ ಕೆರೆಯಲ್ಲಿ ಮೀನುಗಳು ಆ ತಳದ ನೀರಿನಲ್ಲಿ ಅಲ್ಲಾಡದೆ, ತಿನ್ನದೆ ಚಳಿಗಾಲ ಕಳೆಯುವುದು ಹೀಗೆಯೇ. ನಿಮ್ಮ ಎರಡು ಅಡಿಯಲ್ಲಿ ಆ ತಳ ಎಲ್ಲಿದೆ? ಈ ಭಾಗದಲ್ಲಿ ಮನೆಯ ಅಡಿಪಾಯವನ್ನು 42 ಇಂಚು ಆಳಕ್ಕೆ ಇಳಿಸಬೇಕೆಂದು ಕಟ್ಟಡ ನಿಯಮವೇ ಹೇಳುತ್ತದೆ, ಮಣ್ಣು ಅಷ್ಟು ಆಳಕ್ಕೆ ಹೆಪ್ಪುಗಟ್ಟಬಹುದು ಎಂಬ ಕಾರಣಕ್ಕೆ. ಅಂಥ ನೆಲದಲ್ಲಿ ಎರಡು ಅಡಿಯ ಕೊಳ ಬಿರುಸಿನ ವರ್ಷವೊಂದರಲ್ಲಿ ಪೂರ್ತಿ ಗಡ್ಡೆಯಾದರೂ ಆಶ್ಚರ್ಯವಿಲ್ಲ.

ಪೂರ್ತಿ ಗಡ್ಡೆಯಾಗದಿದ್ದರೂ ಮೀನು ಸಾಯುತ್ತದೆ, ಸಾಮಾನ್ಯವಾಗಿ ಚಳಿಯಿಂದಲ್ಲ, ಉಸಿರುಕಟ್ಟಿ. ಗಡ್ಡೆಯ ಮೇಲೆ ಹಿಮ ಬಿದ್ದರೆ ಬೆಳಕು ಒಳಗಿಳಿಯುವುದಿಲ್ಲ, ಗಿಡಗಳು ಆಮ್ಲಜನಕ ಬಿಡುವುದನ್ನು ನಿಲ್ಲಿಸುತ್ತವೆ. ತಳದ ಎಲೆ, ಕೆಸರು ಮಾತ್ರ ಕೊಳೆಯುತ್ತಲೇ ಇದ್ದು, ಇದ್ದಬದ್ದ ಆಮ್ಲಜನಕವನ್ನೂ ತಿಂದು ಹೈಡ್ರೋಜನ್ ಸಲ್ಫೈಡ್‌ನಂಥ ವಿಷಾನಿಲಗಳನ್ನು ಬಿಡುತ್ತವೆ. ಪಾತ್ರೆಯ ಮೇಲೆ ಮುಚ್ಚಳ ಬಿಗಿದ ಹಾಗೆ ಎಲ್ಲವೂ ಒಳಗೇ ಉಳಿಯುತ್ತದೆ. ಮೀನು ಹೆಚ್ಚಿದ್ದಷ್ಟೂ ಆಮ್ಲಜನಕ ಬೇಗ ತೀರುತ್ತದೆ.

ಗೋಲ್ಡ್‌ಫಿಷ್ ಬಿಡಿ ಎಂದದ್ದಕ್ಕೆ ಒಂದು ಸೊಗಸಾದ ಕಾರಣವೂ ಇದೆ. ಆಮ್ಲಜನಕ ಇಲ್ಲದಾಗ ದೇಹದಲ್ಲಿ ಶೇಖರವಾಗುವ ಲ್ಯಾಕ್ಟಿಕ್ ಆಮ್ಲ ಬಹುತೇಕ ಪ್ರಾಣಿಗಳನ್ನು ಕೊಲ್ಲುತ್ತದೆ. ಗೋಲ್ಡ್‌ಫಿಷ್ ಅದನ್ನು ಮದ್ಯಸಾರವಾಗಿ ಬದಲಾಯಿಸಿ ಕಿವಿರುಗಳ ಮೂಲಕ ನೀರಿಗೆ ಬಿಟ್ಟುಬಿಡುತ್ತದೆ! ಇಷ್ಟು ಗಟ್ಟಿ ಜೀವಿಗೂ ಒಂದು ಮಿತಿಯಿದೆ, ನಿಜ. ಕೊಳ್ಳುವಾಗ ಕಾಮೆಟ್, ಶುಬುಂಕಿನ್ ಅಥವಾ ಸಾದಾ ಜಾತಿಯನ್ನೇ ಕೇಳಿ. ಒರಾಂಡಾ, ಬ್ಲ್ಯಾಕ್ ಮೂರ್‌ನಂಥ ಗುಂಡುದೇಹದವು ಅಕ್ವೇರಿಯಂಗೆ ಮಾತ್ರ ಚೆಂದ.

ಕೋಯಿಯೂ ಚಳಿ ತಡೆಯುತ್ತದೆ, ಅದರ ತೊಂದರೆ ಗಾತ್ರ. ಬೆರಳುದ್ದದ ಮರಿ ಎರಡು ಅಡಿಯವರೆಗೆ ಬೆಳೆಯುತ್ತದೆ. ನಿಮ್ಮ ಕೊಳದಲ್ಲಿ 96 ಘನ ಅಡಿ ನೀರು, ಅಂದರೆ ಸುಮಾರು 720 ಗ್ಯಾಲನ್, ಅದೂ ಗೋಡೆಗಳು ನೇರವಾಗಿದ್ದರೆ. ಸಾವಿರ ಗ್ಯಾಲನ್ನಿಗಿಂತ ಚಿಕ್ಕ ಕೊಳಕ್ಕೆ ಕೋಯಿ ಬೇಡವೆಂದು ಅನುಭವಿಗಳು ಹೇಳುತ್ತಾರೆ, ನಾನು ಅದಕ್ಕೂ ಒಪ್ಪುವುದಿಲ್ಲ, ಇನ್ನೂ ದೊಡ್ಡದಿರಲಿ ಎನ್ನುತ್ತೇನೆ.

ಗಪ್ಪಿ ಉಷ್ಣವಲಯದ ಮೀನು. ನಮ್ಮಲ್ಲಿ ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುತ್ತಾರೆ, ಅಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಇಲ್ಲಿ ಸೆಪ್ಟೆಂಬರ್ ರಾತ್ರಿಗಳಲ್ಲೇ ಅದರ ಕಥೆ ಮುಗಿಯುತ್ತದೆ. ಅದರ ಅಗತ್ಯವೂ ಇಲ್ಲ, ಗೋಲ್ಡ್‌ಫಿಷ್ ಸೊಳ್ಳೆಮರಿಗಳನ್ನು ತಿನ್ನುತ್ತದೆ. ಒಂದು ಸಣ್ಣ ಪಂಪಿನಿಂದ ಮೇಲ್ಮೈ ಕದಲುತ್ತಿದ್ದರೆ ಸೊಳ್ಳೆ ಅಲ್ಲಿ ಮೊಟ್ಟೆಯಿಡಲೂ ಹಿಂದೆಗೆಯುತ್ತದೆ.

ಐದಾರು ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದರೆ, ಕೊಳದಿಂದಲ್ಲ, ನಿಮ್ಮ ನೆಲಮಾಳಿಗೆಯಿಂದ. ದನಕರುಗಳಿಗೆ ನೀರಿಡುವ ನೂರು ಗ್ಯಾಲನ್ನಿನ ಪ್ಲಾಸ್ಟಿಕ್ ತೊಟ್ಟಿ ಇಲ್ಲಿನ ಕೃಷಿ ಸಾಮಗ್ರಿ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ನೆಲಮಾಳಿಗೆಯ ತಣ್ಣನೆಯ ಮೂಲೆಯಲ್ಲಿಟ್ಟು, ಫಿಲ್ಟರ್ ಮತ್ತು ಗಾಳಿ ಪಂಪ್ ಜೋಡಿಸಿ, ಮೇಲೆ ಬಲೆ ಬಿಗಿಯಿರಿ. ಗೋಲ್ಡ್‌ಫಿಷ್ ಹಾರುತ್ತದೆ. ಆ ತೊಟ್ಟಿಯಲ್ಲಿ ಐದಾರು ಚಿಕ್ಕ ಮೀನು ನೆಮ್ಮದಿಯಿಂದ ಇರುತ್ತವೆ, ಬೆಳೆದ ಹಾಗೆ ಅಷ್ಟೂ ಇರಲಾರವು. ಫಿಲ್ಟರನ್ನು ಬೇಸಿಗೆಯಲ್ಲೇ ಕೊಳದಲ್ಲಿ ಓಡಿಸಿರಿ. ಮೀನಿನ ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಅದರಲ್ಲಿ ನೆಲೆಯೂರಲು ವಾರಗಳೇ ಬೇಕು. ಹೊಸ ಫಿಲ್ಟರ್ ನವೆಂಬರ್‌ನಲ್ಲಿ ಶುರುವಾದರೆ ಮೀನು ತನ್ನದೇ ಹೊಲಸಿನಲ್ಲಿ ನರಳುತ್ತದೆ.

ನೀರಿನ ಬಗ್ಗೆ ಒಂದು ಎಚ್ಚರಿಕೆ. ನಲ್ಲಿ ನೀರನ್ನು ಒಂದು ದಿನ ಬಕೆಟ್ಟಿನಲ್ಲಿಟ್ಟರೆ ಕ್ಲೋರಿನ್ ಹೋಗುತ್ತದೆ ಎಂಬ ನಮ್ಮ ಅಭ್ಯಾಸ ಇಲ್ಲಿ ಎಲ್ಲ ಕಡೆ ಸಾಲದು. ಅಮೆರಿಕದ ಅನೇಕ ನಗರಗಳು ಕ್ಲೋರಿನ್ನಿನ ಬದಲು ಬಳಸುವ ಕ್ಲೋರಮಿನ್ ಅಷ್ಟು ಸುಲಭವಾಗಿ ಹಾರಿಹೋಗುವುದಿಲ್ಲ. ಕ್ಲೋರಮಿನ್ ತೆಗೆಯುತ್ತದೆ ಎಂದು ಬರೆದಿರುವ ಔಷಧವನ್ನೇ ಕೊಳ್ಳಿ.

ಕೊಳದ ನೀರು ಹತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಊಟ ಹಾಕಬೇಡಿ, ಜೀರ್ಣವಾಗುವುದಿಲ್ಲ. ಮನೆಗೆ ಬಂದ ಅತ್ತೆ ಮಾವಂದಿರು "ಪಾಪ, ಹಸಿದಿವೆ" ಎಂದು ಅನ್ನದ ಅಗುಳು ಹಾಕುವುದನ್ನು ತಡೆಯುವುದು ಬೇರೆಯದೇ ಕೌಶಲ. ಮೀನು ಹಿಡಿಯಲು ವಸಂತದಲ್ಲಿ ದೊಡ್ಡ ಬಕಗಳು ಬರುತ್ತವೆ, ರಾತ್ರಿ ಇಲ್ಲಿನ ಕಾಡುಪ್ರಾಣಿಗಳಾದ ರ‍್ಯಾಕೂನ್‌ಗಳು ಬರುತ್ತವೆ. ಎರಡಕ್ಕೂ ಬಲೆಯೇ ಮದ್ದು, ಅದೇ ಬಲೆ ಶರತ್ಕಾಲದಲ್ಲಿ ಎಲೆಗಳನ್ನೂ ತಡೆಯುತ್ತದೆ.

ಮರಿಗಳು ಹೆಚ್ಚಾದರೆ ದಯವಿಟ್ಟು ಪಕ್ಕದ ಕೆರೆಗೆ ಬಿಡಬೇಡಿ. ಇಲ್ಲಿ ಸಾಕಲು ಅಡ್ಡಿಯಿಲ್ಲ, ಆದರೆ ಹೊರಗೆ ಬಿಡುವುದು ಕಾನೂನುಬಾಹಿರ. ಯಾರೋ ಬಿಟ್ಟ ಗೋಲ್ಡ್‌ಫಿಷ್‌ಗಳು 2021ರಲ್ಲಿ ಬರ್ನ್ಸ್‌ವಿಲ್‌ನ ಕೆಲ್ಲರ್ ಲೇಕ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಗಾತ್ರಕ್ಕೆ ಬೆಳೆದು ಸಿಕ್ಕಿದ್ದವು. ಅವು ತಳ ಕೆದಕಿ ನೀರನ್ನೇ ಕದಡಿಬಿಡುತ್ತವೆ. ಕೊಳವಿರುವ ಇನ್ನೊಬ್ಬರಿಗೆ ಕೊಡಿ, ಅಥವಾ ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ ಎಂದು ಕೊಳ್ಳುವ ಮೊದಲೇ ಕೇಳಿಟ್ಟುಕೊಳ್ಳಿ.

ಇಷ್ಟಾದ ಮೇಲೂ ಮೀನನ್ನು ಹೊರಗೇ ಇಡುವ ಆಸೆಯಿದ್ದರೆ ಒಂದು ಭಾಗವನ್ನಾದರೂ ನಾಲ್ಕು ಅಡಿಗೆ ಅಗೆಯಬೇಕು (ಗುದ್ದಲಿ ಹಿಡಿಯುವ ಮೊದಲು 811ಕ್ಕೆ ಕರೆ ಮಾಡಿ, ನೆಲದಡಿಯ ತಂತಿ, ಕೊಳವೆಗಳನ್ನು ಪುಕ್ಕಟೆಯಾಗಿ ಗುರುತು ಮಾಡಿಸುತ್ತಾರೆ). ಮೇಲೆ ತೇಲುವ ಹೀಟರ್ ಗಡ್ಡೆಯಲ್ಲಿ ಒಂದು ತೂತನ್ನು ತೆರೆದಿಡಬೇಕು. ಗಾಳಿ ಪಂಪಿಗೆ ಜೋಡಿಸುವ ಗಾಳಿಗುಳ್ಳೆಯ ಕಲ್ಲನ್ನು ತಳಕ್ಕೆ ಇಳಿಸದೆ ಮೇಲಿನ ಅರ್ಧದಲ್ಲೇ ತೂಗುಹಾಕಬೇಕು, ಇಲ್ಲದಿದ್ದರೆ ತಳದ ಬೆಚ್ಚನೆಯ ನೀರು ಕಲಸಿಹೋಗುತ್ತದೆ. ತೂತು ಮುಚ್ಚಿದರೆ ಸುತ್ತಿಗೆ ಎತ್ತಬೇಡಿ, ಆ ಹೊಡೆತ ಮೀನಿಗೂ ತಟ್ಟುತ್ತದೆ. ಬಿಸಿನೀರಿನ ಪಾತ್ರೆಯನ್ನು ಗಡ್ಡೆಯ ಮೇಲಿಟ್ಟು ಕರಗಿಸಿ.

ಹಿಂದಿನ ಮಾಲೀಕರು ಕೊಳದ ನಡುವೆ ಎಲ್ಲಾದರೂ ಆಳದ ಗುಂಡಿ ಬಿಟ್ಟಿದ್ದಾರೆಯೇ ಎಂದು ಕೋಲು ಇಳಿಸಿ ಅಳೆದು ತಿಳಿಸಿ. ನಾಲ್ಕು ಅಡಿಯ ಜಾಗವೊಂದು ಸಿಕ್ಕರೆ ನೆಲಮಾಳಿಗೆಯ ತೊಟ್ಟಿಯ ಖರ್ಚು ನಿಮಗೆ ಉಳಿಯಬಹುದು.