ಅಮ್ಮನ ಹುರಿಹಿಟ್ಟು ತರಬೇಕಾ ಅಂತ ಕೇಳಿದವರಿಗೆ

ಮೆಕ್ಸಿಕೋದ ಗ್ವಾಡಲಹಾರ ನಗರಕ್ಕೆ ಕೆಲಸಕ್ಕೆ ಬರುತ್ತಿದ್ದೀರಿ, ಮಾಂಸ ಮುಟ್ಟುವುದಿಲ್ಲ, ಅಮ್ಮ ಎರಡು ಕೆಜಿ ರಾಗಿ ಹುರಿಹಿಟ್ಟು ಕಟ್ಟಿಕೊಡುತ್ತೇನೆ ಅಂತ ಹಟ ಹಿಡಿದಿದ್ದಾರೆ, ತರಲೋ ಬೇಡವೋ ಅಂತ ಕೇಳಿದ್ದೀರಿ. ಒಂಬತ್ತು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಇದೇ ಜಗಳ ಆಗಿತ್ತು.

ಅಕ್ಕಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ನಿಂಬೆಹಣ್ಣು ಇಲ್ಲಿ ಬೇಕಾದಷ್ಟು. ಒಂದೇ ಎಚ್ಚರ: ಬೇಯಿಸಿ ಮಸೆದ ಕಾಳಿಗೆ ಹಂದಿಕೊಬ್ಬು ಹಾಕುವುದು ಮಾಮೂಲು. ‘ಯೇವಾ ಮಾಂತೇಕಾ?’ ಅಂತ ಮೊದಲೇ ಕೇಳಿಬಿಡಿ. ಕೊಬ್ಬು ಹಾಕಿದ್ದೀರಾ ಅಂತ ಅರ್ಥ.

ಇನ್ನು ಹುರಿಹಿಟ್ಟು. ಬಂದ ಹೊಸದರಲ್ಲಿ ಒಂದು ದಿನ ಮಾರುಕಟ್ಟೆಯಲ್ಲಿ ಸುಮ್ನೆ ಸುತ್ತುತ್ತಿದ್ದೆ. ಹುರಿದ ಘಮ ಬಂತು. ನೋಡಿದರೆ ಒಬ್ಬ ಅಜ್ಜಿಯ ಮುಂದೆ ಕಂದು ಪುಡಿಯ ರಾಶಿ. ಹೆಸರು ಪಿನೋಲೆ. ಅಂಗೈಗೆ ಒಂದು ಚಿಟಿಕೆ ಹಾಕಿದರು. ಬಾಯಿಗೆ ಎಸೆದುಕೊಂಡು ಬೆಲೆ ಕೇಳಲು ಹೋದೆ. ‘ಕ್ವಾಂ...’ ಅನ್ನುವಷ್ಟರಲ್ಲಿ ಪುಡಿ ಗಂಟಲಿಗೆ ಹತ್ತಿ ಕೆಮ್ಮು, ಉಳಿದದ್ದೆಲ್ಲ ಅಜ್ಜಿಯ ಏಪ್ರನ್ ಮೇಲೆ! ಅವರು ಬಿದ್ದು ಬಿದ್ದು ನಕ್ಕರು. ಪಿನೋಲೆ ತಿನ್ನುತ್ತಾ ಸಿಳ್ಳೆ ಹಾಕಲಾಗದು ಅಂತ ಇಲ್ಲೊಂದು ಗಾದೆಯೇ ಇದೆ. ನಮ್ಮ ಚಿಕ್ಕಪ್ಪ ಹುರಿಹಿಟ್ಟು ಬಾಯಿಗೆ ಹಾಕಿ ‘ಪಪ್ಪಾಯಿ ಅನ್ನು’ ಅಂತ ಆಡಿಸುತ್ತಿದ್ದದ್ದು ನೆನಪಾಯಿತು.

ಮಾಡುವುದು ಸುಲಭ. ಒಣಗಿದ ಮುಸುಕಿನ ಜೋಳವನ್ನು ಕೊಮಾಲ್ ಅನ್ನುವ ಹೆಂಚಿನ ಮೇಲೆ ಹುರಿದು ಬೀಸುತ್ತಾರೆ. ಪಿಲೋನ್ಸಿಯೋ ಮತ್ತು ಚಕ್ಕೆ ಸೇರಿಸುತ್ತಾರೆ. ಪಿಲೋನ್ಸಿಯೋ ಅಂದರೆ ನಮ್ಮ ಅಚ್ಚುಬೆಲ್ಲವೇ, ಗೋಪುರದ ಆಕಾರ ಅಷ್ಟೇ. ತೋರ್ತಿಯಾ ಅನ್ನುವ ಇಲ್ಲಿನ ರೊಟ್ಟಿಗಾದರೆ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಸಬೇಕು. ಪಿನೋಲೆಗೆ ಸುಣ್ಣ ಮುಟ್ಟಿಸುವುದಿಲ್ಲ. ಅದಕ್ಕೇ ಒಂದೇ ಜೋಳವಾದರೂ ರುಚಿ ಪೂರ್ತಿ ಬೇರೆ.

ನಾನು ಕುಡಿಯುವುದೇ ಜಾಸ್ತಿ. ತಣ್ಣನೆ ಹಾಲಿಗೆ ಎರಡು ಚಮಚ. ತಳದಲ್ಲಿ ಕೂತುಬಿಡುತ್ತದೆ, ಕಲಕುತ್ತಾ ಕುಡಿಯಬೇಕು. ಡಿಸೆಂಬರ್ ಬೆಳಿಗ್ಗೆಗೆ ಅದನ್ನೇ ಕುದಿಸಿದರೆ ಆತೋಲೆ, ಅಂದರೆ ಗಂಜಿ. ಮೊದಲು ತಣ್ಣೀರಿನಲ್ಲಿ ಕದಡಿಕೊಳ್ಳಿ, ಇಲ್ಲದಿದ್ದರೆ ಗಂಟುಗಂಟು. ರಾಗಿ ಗಂಜಿ ಮಾಡಿದವರಿಗೆ ಇದನ್ನು ಹೇಳಬೇಕಾ? ದಕ್ಷಿಣದ ಚಿಯಾಪಾಸ್ ಕಡೆ ಹುರಿದ ಜೋಳಕ್ಕೆ ಕೋಕೋ, ಅಚಿಯೋತೆ ಬೀಜದ ಕೆಂಪು ಸೇರಿಸಿ ತಸ್ಕಲಾತೆ ಮಾಡುತ್ತಾರೆ. ಸಿಕ್ಕರೆ ಬಿಡಬೇಡಿ. ಉತ್ತರದ ಚಿವಾವಾ ಬೆಟ್ಟಗಳ ರಾರಾಮುರಿ ಜನ ದೂರದ ಓಟಕ್ಕೆ ಹೆಸರಾದವರು. ಅವರಿಗೆ ದಾರಿಯ ಬುತ್ತಿ ಇದೇ ಹಿಟ್ಟು, ಜೊತೆಗೆ ನೀರು.

ಪ್ಯಾಕೆಟ್ಟಿನದು ನನಗೆ ಇಷ್ಟವಿಲ್ಲ, ಬರೀ ಸಕ್ಕರೆ. ಮಾರುಕಟ್ಟೆಯಲ್ಲಿ ‘ಸಿನ್ ಅಸೂಕರ್’ ಅಂತ ಕೇಳಿ, ಸಕ್ಕರೆ ಇಲ್ಲದ್ದು ಕೊಡುತ್ತಾರೆ. ಬೆಲ್ಲ ನೀವೇ ಹಾಕಿಕೊಳ್ಳಿ.

ಹಾಗಂತ ಪಿನೋಲೆ ಹುರಿಹಿಟ್ಟಾಗುತ್ತದಾ? ಇಲ್ಲ. ರಾಗಿ ಅರಳಿನ ಆ ಘಮ ಜೋಳಕ್ಕೆ ಬರುವುದಿಲ್ಲ. ನಾಲಿಗೆಗೆ ಸ್ವಲ್ಪ ತರಿ ತಗಲುತ್ತದೆ. ಆದರೆ ಸಂಜೆ ಆಫೀಸಿನಿಂದ ಬಂದು ಲೋಟ ಹಿಡಿದು ಕೂತಾಗ ಅಷ್ಟೇನೂ ದೂರ ಅನ್ನಿಸುವುದಿಲ್ಲ. ವಿಮಾನ ನಿಲ್ದಾಣದಲ್ಲಿ ತಿಂಡಿ ಸಾಮಾನು ತಪಾಸಣೆ ಮಾಡುತ್ತಾರೆ, ನಿಯಮ ಓದಿಕೊಂಡು, ಅಮ್ಮನ ಸಮಾಧಾನಕ್ಕೆ ಅರ್ಧ ಕೆಜಿ ತನ್ನಿ. ಉಳಿದ ಜಾಗಕ್ಕೆ ಸಾರಿನ ಪುಡಿ ತುಂಬಿ. ಅದಕ್ಕೆ ಬದಲಿ ನನಗೆ ಇವತ್ತಿಗೂ ಸಿಕ್ಕಿಲ್ಲ.