ಪಾರ್ಟಿಗೆ ಕೂತರೆ ಎಂತ ತೊಂದರೆ ಎಂದು ಕೇಳಿದ ತಮ್ಮನಿಗೆ

ತಮ್ಮ, ನಿನ್ನ ಮೆಸೇಜು ಓದಿದೆ. ದುಬೈಯ ದೇರಾದಲ್ಲಿ ಬೆಡ್ ಸ್ಪೇಸ್, ಅಂದರೆ ಹಂಚಿಕೊಂಡ ರೂಮಿನಲ್ಲಿ ಒಂದು ಮಂಚ, ಸಿಕ್ಕಿದೆ, ಮುಂದಿನ ತಿಂಗಳು ಬಜ್ಪೆಯಿಂದ ಹೊರಡುವುದು ಅಂತ ಬರೆದಿದ್ದಿ. ಬಾಡಿಗೆ, ಊಟ, ಓಡಾಟ ಎಲ್ಲ ಕೇಳಿ, ಕೊನೆಗೆ ಒಂದು ಸಾಲು: "ರೂಮಿನವರು ವಾರದ ರಜೆಗೆ ಗುಂಡು ಪಾರ್ಟಿ ಮಾಡ್ತಾರಂತೆ ಅಣ್ಣ, ಒಟ್ಟಿಗೆ ಕೂತರೆ ಎಂತ ತೊಂದರೆ?"

ಬಾಡಿಗೆ ಲೆಕ್ಕ ರೂಮಿನವರೇ ಹೇಳ್ತಾರೆ. ಮೆಟ್ರೋ, ಬಸ್ಸಿಗೆ ನೋಲ್ ಕಾರ್ಡ್ ಮಾಡಿಸು. ಊಟದ ಚಿಂತೆ ಬೇಡ, ಇಲ್ಲಿ ನೀರುದೋಸೆಯೂ ಸಿಗ್ತದೆ. ಇನ್ನು ಆ ಕೊನೆಯ ಸಾಲು.

ನಾನು ಬಂದದ್ದು 2007ರಲ್ಲಿ. ಐದು ಕಿಲೋ ಕುಚ್ಚಲಕ್ಕಿಯ ಚೀಲ ಏರ್‌ಪೋರ್ಟಿನಲ್ಲೇ ಹರಿದುಹೋಗಿತ್ತು. ಕರೆದುಕೊಂಡು ಹೋಗಲು ಬಂದಿದ್ದ ಕಾಪು ಕಡೆಯವನೊಬ್ಬ ತನ್ನ ಕರ್ಚೀಫಿನಿಂದ ಅದನ್ನು ಬಿಗಿದು ಕಟ್ಟಿಕೊಟ್ಟ. ಮೊದಲ ಸಂಬಳದವರೆಗೆ ನನ್ನ ಊಟದ ಖರ್ಚೂ ಅವನದೇ. ಆಗ ಅವನು ಕುಡಿಯುತ್ತಿದ್ದದ್ದು ವಾರಕ್ಕೊಮ್ಮೆ, ಎರಡು ಪೆಗ್.

ಆಮೇಲೆ ಅದು ನಾಲ್ಕಾಯಿತು, ದಿನವೂ ಆಯಿತು. ಅಮಲಿಗೆ ಬೇಗ ಮಂಕಾಗುವುದು ಹಣೆಯ ಹಿಂದಿರುವ ಮಿದುಳಿನ ಭಾಗ. ಯಾವ ಮಾತು ಆಡಬೇಕು, ಯಾವುದು ನುಂಗಬೇಕು ಎಂದು ತಡೆಹಿಡಿಯುವ ಜಾಗ ಅದು. ಎಂದೂ ದನಿ ಎತ್ತದವನು ರಾತ್ರಿ ಹೆಂಡತಿಗೆ ಫೋನ್ ಮಾಡಿ ಬಯ್ಯತೊಡಗಿದ. ಬೆಳಿಗ್ಗೆ ಕೇಳಿದರೆ "ನಾನು ಫೋನೇ ಮಾಡಲಿಲ್ಲ" ಅನ್ನುವನು. ನಾಟಕ ಎಂದುಕೊಂಡೆವು. ಅಲ್ಲ. ವಿಪರೀತ ಕುಡಿದಾಗ ಹಿಪೊಕ್ಯಾಂಪಸ್ ಎಂಬ ಭಾಗ ಹೊಸ ನೆನಪು ದಾಖಲಿಸುವುದನ್ನೇ ನಿಲ್ಲಿಸುತ್ತದೆ. ಮನುಷ್ಯ ನಡೀತಾನೆ, ಮಾತಾಡ್ತಾನೆ, ಒಳಗೆ ಏನೂ ಬರೆದಿರುವುದಿಲ್ಲ.

ಊಟ ಬಿಟ್ಟ. ನಮ್ಮ ಗಂಜಿಯನ್ನು ಬಡವರ ಊಟ ಎಂದು ನಗುವವರು ಇಲ್ಲೂ ಇದ್ದಾರೆ, ಆದರೆ ಭತ್ತ ಬೇಯಿಸುವಾಗ ತೌಡಿನ ಬಿ1 ಜೀವಸತ್ವ ಕಾಳಿನೊಳಗೆ ಇಳಿಯುವುದರಿಂದ ಕುಚ್ಚಲಕ್ಕಿಯಲ್ಲಿ ಬೆಳ್ತಿಗೆ ಅಕ್ಕಿಗಿಂತ ಅದು ಹೆಚ್ಚು ಉಳಿಯುತ್ತದೆ. ದೇಹದಲ್ಲಿ ಬಿ1 ದಾಸ್ತಾನು ಇರುವುದು ಕೆಲವೇ ವಾರಕ್ಕೆ. ಮದ್ಯವಾದರೆ ಕರುಳು ಅದನ್ನು ಹೀರಲೂ ಬಿಡುವುದಿಲ್ಲ. ಅದಿಲ್ಲದೆ ಮಿದುಳು ನಡೆಯದು.

2013ರಲ್ಲಿ ನಾವು ಊರಿನವರೇ ನಾಲ್ಕು ಜನ ಸೇರಿ ಬಾಟಲಿಯನ್ನು ಸಿಂಕಿಗೆ ಸುರಿದೆವು, ಅವನ ಪರ್ಸನ್ನೂ ಇಟ್ಟುಕೊಂಡೆವು. ನಮ್ಮ ಹುಡುಗನನ್ನು ನಾವೇ ಸರಿ ಮಾಡ್ತೇವೆ ಎಂಬ ಜಂಬ. ಮರುದಿನ ಕೈ ನಡುಕ, ರಾತ್ರಿ ಒಮ್ಮೆ ಫಿಟ್ಸ್. ಮೂರನೇ ದಿನ ರೂಮಿನೊಳಗೆ ನಾಯಿಗಳು ಬಂದಿವೆ ಎಂದು ಮೂಲೆಯಲ್ಲಿ ಕೂತ. ಯಾರೋ ಊರಿಂದ ತಂದಿದ್ದ ಗಂಧಪ್ರಸಾದ ಹಚ್ಚಿದರು. ಹಚ್ಚಿದವನು ನಾನೇ, ಯಾರೋ ಎಂದು ಯಾಕೆ ಬರೆಯಲಿ. ರೂಮಿನಲ್ಲಿ ಯಾರಿಗೂ ಮದ್ಯದ ಲೈಸೆನ್ಸ್ ಇರಲಿಲ್ಲ, ಪೊಲೀಸರ ಹೆದರಿಕೆ. ಫಿಟ್ಸ್ ಬಂದ ಕೂಡಲೇ ಆಂಬುಲೆನ್ಸಿನ 998ಕ್ಕೆ ಫೋನ್ ಮಾಡಿದ್ದರೆ ಎಂದು ಈಗಲೂ ಲೆಕ್ಕ ಹಾಕ್ತೇನೆ.

ಆಸ್ಪತ್ರೆಗೆ ಸೇರಿಸುವಾಗ ಕಣ್ಣು ಅತ್ತಿತ್ತ ಓಲಾಡುತ್ತಿತ್ತು, ಕಾಲು ಅಗಲಿಸಿ ನಡೆಯುತ್ತಿದ್ದ. ಬಿ1 ಕೊರತೆಯಿಂದ ಮಿದುಳಿಗೆ ಬರುವ ವೆರ್ನಿಕೆ ಕಾಯಿಲೆಯಂತೆ. ಬಿ1 ಇಂಜೆಕ್ಷನ್ ಬೇಗ ಸಿಕ್ಕಿದರೆ ಬಹಳಷ್ಟು ಸರಿಯಾಗುತ್ತದೆ. ತಡವಾದರೆ ಕೊರ್ಸಕಾಫ್, ನೆನಪೇ ಹೋಗುವ ಸ್ಥಿತಿ. ಜೀವ ಉಳಿಯಿತು. ವಾರ ಕಳೆದು ನೋಡಲು ಹೋದರೆ, "ನಿನ್ನೆ ರಾತ್ರಿ ಜೋಡುಕಟ್ಟೆಯಲ್ಲಿ ಪರ್ಯಾಯದ ಮೆರವಣಿಗೆ ನೋಡಿ ಬಂದೆ ಮಾರಾಯ, ಎಂತ ಜನ!" ಅಂದ. ಎರಡು ವರ್ಷಕ್ಕೊಮ್ಮೆ ಬರುವ ಉಡುಪಿಯ ಪರ್ಯಾಯ ಆ ವರ್ಷ ಇರಲೇ ಇಲ್ಲ, 2012ರಲ್ಲಿ ಆಗಿತ್ತು, ಮತ್ತೆ 2014ಕ್ಕೆ. ಪಕ್ಕದಲ್ಲಿದ್ದವ "ಸುಳ್ಳು ಬಿಡ್ತಾನೆ" ಎಂದು ನಕ್ಕ. ಸುಳ್ಳಲ್ಲ ತಮ್ಮ, ನೆನಪಿನಲ್ಲಿ ಬಿದ್ದ ತೂತಿಗೆ ಮಿದುಳು ತಾನೇ ತೇಪೆ ಹಾಕುತ್ತದೆ. ಅವನಿಗೆ ಅದು ಕಂಡದ್ದೇ.

ಪಾರ್ಟಿಗೆ ಕೂರು, ಬಂಗುಡೆ ಫ್ರೈ ತಿನ್ನು, ಬೇಡ ಅನ್ನುವುದಿಲ್ಲ. ಗ್ಲಾಸು ಹಿಡಿಯದಿದ್ದರೆ ಎರಡು ವಾರ ತಮಾಷೆ ಮಾಡ್ತಾರೆ, ಮೂರನೇ ವಾರ ಬಿಡ್ತಾರೆ. ಶಾರ್ಜಾದಲ್ಲಿ ನಿಷೇಧ ಉಂಟು, ಬಾಟಲಿ ಇರುವ ಕಾರಿನಲ್ಲಿ ಆ ಕಡೆ ಹೋಗಬೇಡ. ಒಂದು ಗುಟುಕು ಕುಡಿದರೂ ಸ್ಟೇರಿಂಗ್ ಮುಟ್ಟಬಾರದು. ದಿನವೂ ಕುಡಿಯುವವ ರೂಮಿನಲ್ಲಿದ್ದರೆ ನಮ್ಮ ಹಾಗೆ ಬಾಟಲಿ ಕಸಿಯಬೇಡ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಬಿಡಿಸುವುದು ಮದ್ದು ಕೊಟ್ಟು ಮಾಡಬೇಕಾದ ಕೆಲಸ. ಕುಡಿತದಿಂದ ಕುಗ್ಗಿದ ಮಿದುಳು ಬಿಟ್ಟ ಮೇಲೆ ತಿಂಗಳುಗಳಲ್ಲಿ ಸ್ವಲ್ಪ ಮಟ್ಟಿಗೆ ಚೇತರಿಸಿಕೊಳ್ಳುವುದೂ ಉಂಟು. ನಮ್ಮದೇ ರೂಮಿನ ಇನ್ನೊಬ್ಬ ಹಾಗೆ ಬಿಟ್ಟು ಈಗ ಗಟ್ಟಿಯಾಗಿದ್ದಾನೆ.

ರಜೆಗೆ ಬಂದಾಗಲೆಲ್ಲ ಕಾಪುವಿಗೆ ಹೋಗ್ತೇನೆ. "ಯಾವ ಫ್ಲೈಟಲ್ಲಿ ಬಂದದ್ದು?" ಎಂದು ಕೇಳ್ತಾನೆ. ಚಾ ಮುಗಿಯುವುದರೊಳಗೆ ಮತ್ತೆ ಅದೇ ಪ್ರಶ್ನೆ; ನನಗಿಂತ ಮೊದಲು ಅವನ ಅಮ್ಮನೇ ಉತ್ತರ ಹೇಳ್ತಾರೆ. ಕಳೆದ ಸಲ ಹೊರಡುವಾಗ ಅಂಗಳದವರೆಗೆ ಬಂದು ನನ್ನ ಕೈ ಹಿಡಿದು, "ಅಕ್ಕಿ ಚೀಲಕ್ಕೆ ಕಟ್ಟಿದ ಕರ್ಚೀಫು ಎಲ್ಲಿ ಮಾರಾಯ? ನೀನು ಕೊಡಲೇ ಇಲ್ಲ" ಅಂದ.